ಹಳೆ ಕಮಿನ್ಸ್ ಟ್ರಕ್ಕು: ಪಂಪಿಗೆ ಕೈ ಹಾಕೋಕೆ ಮುಂಚೆ ಗಾಳಿ ಎಲ್ಲಿ ಎಳೀತಿದೆ ನೋಡಿ

ಪ್ರಶ್ನೆ: ನಾನಿರೋದು ಅಮೆರಿಕಾದಲ್ಲಿ. ಹೋದ ತಿಂಗಳು 1997ರ ಡಾಡ್ಜ್ ರ‍್ಯಾಮ್ 2500 ತಗೊಂಡೆ, 5.9 ಲೀಟರ್ ಕಮಿನ್ಸ್, 12 ವಾಲ್ವ್, ಐದು ಗೇರಿನ ಮ್ಯಾನ್ಯುಯಲ್, 2,40,000 ಮೈಲಿ ಓಡಿದೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಒಂದ್ಸಲ ಸ್ಟಾರ್ಟ್ ಆಗಿ ಆಫ್ ಆಗುತ್ತೆ, ಆಮೇಲೆ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು, ಬಿಳಿ ಹೊಗೆ ಬರುತ್ತೆ. ಟ್ರೈಲರ್ ಹಾಕ್ಕೊಂಡು ಘಾಟಿ ಹತ್ತುವಾಗ ಕರಿ ಹೊಗೆ, ಎಳೆಯೋದೂ ಕಮ್ಮಿ ಆಗಿದೆ. ಒಬ್ರು ಮೆಕ್ಯಾನಿಕ್ ಇಂಜೆಕ್ಷನ್ ಪಂಪ್ (ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸೋದು) ಹೋಗಿದೆ ಅಂದ್ರು, ಫ್ರೆಂಡ್ ಒಬ್ಬ ಆ ಪಂಪು ಎಷ್ಟು ಡೀಸೆಲ್ ಸುರೀಬೇಕು ಅಂತ ಮಿತಿ ಹಾಕೋ ಪ್ಲೇಟ್ ಬದಲಾಯಿಸಿ 400 ಹಾರ್ಸ್ ಪವರ್ ಮಾಡಿಸ್ಕೋ ಅಂತಾನೆ. ಮೊದ್ಲು ಏನ್ ಮಾಡ್ಲಿ? ಈ ಗಾಡೀನ ಓಡಿಸೋದ್ ಹೆಂಗೆ?

ಉತ್ತರ: ಸದ್ಯಕ್ಕೆ ಪಂಪಿಗೆ ಕೈ ಹಾಕಬೇಡಿ, ಬಿಚ್ಚೋದೂ ಬೇಡ, ಪ್ಲೇಟ್ ಬದಲಾಯಿಸೋದೂ ಬೇಡ. ರಾತ್ರಿ ಎಲ್ಲಾ ನಿಂತ ಮೇಲೆ ಒಂದ್ಸಲ ಸ್ಟಾರ್ಟ್ ಆಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗೋದು, ಆಮೇಲೆ ಬಿಳಿ ಹೊಗೆ ಬಿಡ್ತಾ ಒಂದೊಂದೇ ಸಿಲಿಂಡರ್ ಹಿಡ್ಕೊಂಡು ನಿಧಾನಕ್ಕೆ ಸರಿ ಹೋಗೋದು, ಇದು ಡೀಸೆಲ್ ಲೈನಲ್ಲಿ ಏರ್ ತಗೊಳ್ತಿರೋ ಗಾಡಿಯ ಲಕ್ಷಣ. ಪಂಪಲ್ಲಿ ಫಿಲ್ಟರಲ್ಲಿ ಉಳಿದಿರೋ ಡೀಸೆಲ್ ಮೇಲೆ ಆ ನಾಲ್ಕು ಸೆಕೆಂಡು ಓಡುತ್ತೆ, ಅಷ್ಟೊತ್ತಿಗೆ ಹಿಂದಿನ ಲೈನಲ್ಲಿ ತುಂಬಿರೋ ಗಾಳಿ ಬಂದು ತಲುಪುತ್ತೆ, ಎಂಜಿನ್ ಸುಮ್ಮನಾಗುತ್ತೆ. ಪಂಪ್ ನಿಜವಾಗ್ಲೂ ಸವೆದಿದ್ರೆ ಬೆಳಗ್ಗೆ ಒಂದು ಹೊತ್ತು ಮಾತ್ರ ತೊಂದ್ರೆ ಕೊಟ್ಟು ಉಳಿದ ದಿನವೆಲ್ಲಾ ಸರಿ ಇರಲ್ಲ.

ನಿಮ್ಮ ಗಾಡೀಲಿರೋದು ಬಾಷ್ ಪಿ7100 ಪಂಪು, ಆರು ಸಿಲಿಂಡರಿಗೆ ಆರು ಪ್ಲಂಜರ್ ಸಾಲಾಗಿ ನಿಂತಿರೋ ಇನ್‌ಲೈನ್ ಪಂಪು. ಡಾಡ್ಜ್ ಪಿಕಪ್ಪಿಗೆ ಕಮಿನ್ಸ್ ಎಂಜಿನ್ ಬಂದಿದ್ದು 1989ರ ಮಾಡೆಲ್ಲಿಂದ, ಆಗ ಸಣ್ಣ ರೋಟರಿ ಪಂಪ್ ಇತ್ತು, 160 ಹಾರ್ಸ್ ಪವರ್ ಅಷ್ಟೇ. 1994ರಿಂದ 1998ರ ಮಧ್ಯದವರೆಗೆ ಈ ಇನ್‌ಲೈನ್ ಪಂಪ್, ಅದಾದ್ಮೇಲೆ 24 ವಾಲ್ವಿನ ಎಂಜಿನ್, ಎಲೆಕ್ಟ್ರಾನಿಕ್ ವಿಪಿ44 ಪಂಪ್. ಆ ವಿಪಿ44ಗೆ ಡೀಸೆಲ್ ಪ್ರೆಶರ್ ಸ್ವಲ್ಪ ಕಮ್ಮಿ ಆದ್ರೂ ಸಾಕು ಪಂಪೇ ಹೋಗುತ್ತೆ, ಯಾಕಂದ್ರೆ ಅದನ್ನ ತಣ್ಣಗಿಡೋದೂ ಡೀಸೆಲ್ಲೇ, ಅದಕ್ಕೆ ಗ್ರೀಸ್ ಥರ ಕೆಲಸ ಮಾಡೋದೂ ಡೀಸೆಲ್ಲೇ. ನಿಮ್ಮ ಪಂಪ್ ಹಂಗಲ್ಲ, ಒಳಗಿರೋ ಕ್ಯಾಮ್ ಶಾಫ್ಟಿಗೆ ಎಂಜಿನ್ ಆಯಿಲ್ಲೇ ಹೋಗುತ್ತೆ, ಎಂಜಿನ್ ಓಡೋಕೆ ಬೇಕಿರೋದು ಒಂದೇ ಒಂದು ವೈರು, ಡೀಸೆಲ್ ಆಫ್ ಮಾಡೋ ಸೊಲನಾಯ್ಡಿಗೆ ಹೋಗೋದು. ಇಂಥ ಪಂಪು ಸುಮ್ಮಸುಮ್ಮನೆ ಕೆಡಲ್ಲ, ಅದಕ್ಕೆ "ಪಂಪ್ ಹೋಗಿದೆ" ಅಂದಾಗ ನನಗೆ ಹೊಟ್ಟೆ ಉರಿಯುತ್ತೆ.

ಒಂದ್ಸಲ ಇದೇ ಥರದ ಗಾಡಿ ನಮ್ಮಲ್ಲಿಗೆ ಟೋ ಮಾಡ್ಕೊಂಡು ಬಂತು. ಬೇರೆ ಒಂದು ಗ್ಯಾರೇಜಲ್ಲಿ ಪಂಪ್ ಬಿಚ್ಚಿ, ರೀಬಿಲ್ಡ್ ಮಾಡಿಸಿ, ವಾಪಸ್ ಕೂರಿಸಿ ಮಾಲೀಕರ ಹತ್ರ ದೊಡ್ಡ ಮೊತ್ತ ತಗೊಂಡಿದ್ರು, ಬೆಳಗಿನ ತೊಂದ್ರೆ ಹಂಗೇ ಇತ್ತು. ನಾನು ಎಡಗಡೆ ಮುಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ, ಲಿಫ್ಟ್ ಪಂಪಿನ (ಟ್ಯಾಂಕಿಂದ ಡೀಸೆಲ್ ಎಳೆದು ಇಂಜೆಕ್ಷನ್ ಪಂಪಿಗೆ ಕಳಿಸೋ ಸಣ್ಣ ಪಂಪು) ಹಿಂದೆ ಬರೋ ಒಂದು ಗೇಣುದ್ದದ ರಬ್ಬರ್ ಹೋಸು, ಹೊರಗಿಂದ ನೋಡಿದ್ರೆ ಒಣಗಿದೆ, ಒಂದು ಹನಿ ಡೀಸೆಲ್ ಇಲ್ಲ. ಬೆರಳಲ್ಲಿ ಬಗ್ಗಿಸಿದ ತಕ್ಷಣ ಕ್ಲಾಂಪಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಾಯಿ ಬಿಟ್ವು. ಅಷ್ಟೇ ಕಾಯಿಲೆ. ಲಿಫ್ಟ್ ಪಂಪಿಗಿಂತ ಹಿಂದಿನ ಲೈನಲ್ಲಿ ಪ್ರೆಶರ್ ಇರಲ್ಲ, ಎಳೆತ ಇರುತ್ತೆ, ಅದಕ್ಕೇ ಅಲ್ಲಿ ತೂತಾದ್ರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ನೆಲದ ಮೇಲೆ ಲೀಕ್ ಹುಡುಕ್ತಾ ಕೂತ್ರೆ ಸಿಗಲ್ಲ. ಹೋಸಿನ ಖರ್ಚು ಕೆಲವೇ ಡಾಲರು. ಆ ಮಾಲೀಕರ ಮುಖ ಈಗ್ಲೂ ನೆನಪಿದೆ ನನಗೆ.

ಈಗ ನೀವು ಮಾಡಬೇಕಾದ ಪರೀಕ್ಷೆ. ರಾತ್ರಿ ಗಾಡೀನ ಮೂತಿ ಕೆಳಗೆ ಬರೋ ಹಾಗೆ ಇಳಿಜಾರಲ್ಲಿ ನಿಲ್ಲಿಸಿ (ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡೋದು ಮರೀಬೇಡಿ), ಟ್ಯಾಂಕ್ ಎಂಜಿನ್ನಿಗಿಂತ ಮೇಲಿದ್ರೆ ಡೀಸೆಲ್ ಹಿಂದಕ್ಕೆ ಇಳಿಯಲ್ಲ. ಬೆಳಗ್ಗೆ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಯ್ತು, ಮಾರನೇ ದಿನ ಮೂತಿ ಮೇಲೆ ಮಾಡಿ ನಿಲ್ಲಿಸಿದಾಗ ಮತ್ತೆ ಸತಾಯಿಸ್ತು ಅಂದ್ರೆ ಅರ್ಧ ಉತ್ತರ ಸಿಕ್ಕಂಗೆ. ಇನ್ನೊಂದು, ಎಂಜಿನ್ನಿನ ಎಡಗಡೆ ಪಂಪಿನ ಕೆಳಗೆ ಲಿಫ್ಟ್ ಪಂಪಿದೆ, ಅದಕ್ಕೊಂದು ರಬ್ಬರ್ ಬಟನ್ ಇರುತ್ತೆ, ಬೆಳಗ್ಗೆ ಸೆಲ್ಫ್ ಹೊಡೆಯೋಕೆ ಮುಂಚೆ ಅದನ್ನ ಇಪ್ಪತ್ತು ಮೂವತ್ತು ಸಲ ಒತ್ತಿ. ಮೊದಮೊದಲು ಮೆತ್ತಗೆ ಒಳಗೆ ಹೋಗಿ, ಆಮೇಲೆ ಗಟ್ಟಿ ಆಗ್ತಾ ಬಂದು, ಗಾಡಿ ಟಕ್ ಅಂತ ಸ್ಟಾರ್ಟ್ ಆದ್ರೆ ಮಿಕ್ಕ ಅರ್ಧಾನೂ ಸಿಕ್ತು.

ಆಮೇಲೆ ಹುಡುಕೋ ಕೆಲಸ. ಲಿಫ್ಟ್ ಪಂಪಿಗೆ ಹೋಗೋ ಲೈನಲ್ಲಿ ತಾತ್ಕಾಲಿಕವಾಗಿ ಒಂದು ಪಾರದರ್ಶಕ ಹೋಸ್ ಹಾಕಿ ಎಂಜಿನ್ ಓಡಿಸಿ ನೋಡಿ, ಗುಳ್ಳೆ ಓಡ್ತಿದ್ರೆ ಗಾಳಿ ಅದಕ್ಕಿಂತ ಹಿಂದೆ ಎಲ್ಲೋ ಸೇರ್ತಿದೆ, ಗುಳ್ಳೆ ಇಲ್ಲ ಅಂದ್ರೆ ತೊಂದ್ರೆ ಅದಕ್ಕಿಂತ ಮುಂದೆ ಇದೆ. ಜಾಸ್ತಿ ಮೋಸ ಮಾಡೋ ಜಾಗ ಅಂದ್ರೆ ಫ್ಯೂಯಲ್ ಹೀಟರ್ ಇರೋ ಪ್ರೀ ಫಿಲ್ಟರ್ ಬಟ್ಟಲಿನ ಓ-ರಿಂಗು, ಎಂಜಿನ್ನಿನ ಹಿಂಭಾಗದ ರಬ್ಬರ್ ಹೋಸ್‌ಗಳು, ಟ್ಯಾಂಕಿನ ಮೇಲಿರೋ ಹೋಸ್‌ಗಳು, ರಿಟರ್ನ್ ಲೈನ್. ಒಂದು ಹೋಸ್ ಬಿರುಕು ಬಿಟ್ಟಿದೆ ಅಂದ್ರೆ ಅದರ ಜೊತೆಯವೂ ಅದೇ ವಯಸ್ಸಿನವು, ಎಲ್ಲಾ ಒಟ್ಟಿಗೆ ಬದಲಾಯಿಸಿ, ಡೀಸೆಲ್ಲಿಗೆ ಅಂತ್ಲೇ ಬರೋ ಹೋಸ್ ತಗೊಳಿ. ಆ ಪ್ರೀ ಫಿಲ್ಟರ್ ಒಳಗೊಂದು ಜಾಲರಿ ಇದೆ, ಅದಿದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಅದನ್ನೂ ತೊಳೀರಿ.

ಹಂಗೇ ಫಿಲ್ಟರ್ ಮತ್ತೆ ಪಂಪಿನ ಮಧ್ಯೆ ಒಂದು ಪ್ರೆಶರ್ ಗೇಜ್ ಹಾಕಿಸಿಬಿಡಿ. ಐಡ್ಲಿಂಗಲ್ಲಿ 17ರಿಂದ 22 ಪಿಎಸ್‌ಐ, 2500 ಆರ್‌ಪಿಎಂಗೆ ರೇಸ್ ಕೊಟ್ರೆ 25ರ ಮೇಲೆ ಬರಬೇಕು. ಕಮ್ಮಿ ಬಂದ್ರೆ ಲಿಫ್ಟ್ ಪಂಪಿಗೆ ಬೈಯೋಕೆ ಮುಂಚೆ, ಇಂಜೆಕ್ಷನ್ ಪಂಪಿಂದ ರಿಟರ್ನ್ ಹೋಗೋ ಜಾಗದಲ್ಲಿ ಬೋಲ್ಟಿನ ಥರ ಕಾಣೋ ಓವರ್‌ಫ್ಲೋ ವಾಲ್ವ್ ನೋಡಿ, ಅದರೊಳಗಿನ ಸ್ಪ್ರಿಂಗ್ ವರ್ಷಗಟ್ಟಲೆ ಓಡಿ ಸೋತಿರುತ್ತೆ, ಡೀಸೆಲ್ ಎಲ್ಲಾ ಟ್ಯಾಂಕಿಗೆ ವಾಪಸ್ ಓಡಿಹೋಗುತ್ತೆ, ಎಂಜಿನ್ನಿಗೆ ಎಳೆಯೋ ಶಕ್ತಿ ಸಿಗಲ್ಲ. ನೀವು ಹೇಳಿದ "ಎಳೆಯೋದು ಕಮ್ಮಿ" ಅನ್ನೋದಕ್ಕೆ ಇದೂ ಒಂದು ಕಾರಣ ಆಗಿರಬಹುದು. ಅಲ್ಲೇ ಇರೋವಾಗ ಶಟಾಫ್ ಸೊಲನಾಯ್ಡಿನ ಲಿವರ್ರೂ ನೋಡಿ, ಯಾರಾದ್ರೂ ಕೀ ತಿರುಗಿಸಲಿ, ಸೆಲ್ಫ್ ಹೊಡೆದಾಗ ಲಿವರ್ ಪೂರ್ತಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲಬೇಕು. ಅರ್ಧಕ್ಕೆ ನಿಂತ್ರೆ ಗಾಡಿ ಓಡುತ್ತೆ ಆದ್ರೆ ದಮ್ಮೇ ಇರಲ್ಲ.

ಒಂದು ಎಚ್ಚರಿಕೆ, ಇದು ಕೈ ಮುಗಿದು ಹೇಳ್ತೀನಿ. ಬೆಳಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂತ ಯಾರಾದ್ರೂ ಈಥರ್ ಸ್ಪ್ರೇ ತಂದು ಏರ್ ಫಿಲ್ಟರಿಗೆ ಹೊಡೆಯೋಕೆ ಬಂದ್ರೆ ಬಿಡಬೇಡಿ. ಈ ಎಂಜಿನ್ನಿಗೆ ಗ್ಲೋ ಪ್ಲಗ್ ಇಲ್ಲ, ಇನ್‌ಟೇಕ್ ಬಾಯಲ್ಲೇ ಕೆಂಪಗೆ ಕಾಯೋ ಗ್ರಿಡ್ ಹೀಟರ್ ಇದೆ, ಈಥರ್ ಆವಿ ಅದಕ್ಕೆ ತಾಗಿದ್ರೆ ಇನ್‌ಟೇಕಲ್ಲೇ ಸಿಡಿಯುತ್ತೆ, ಮುಖ ಹತ್ರ ಇಟ್ಕೊಂಡಿರೋರ ಗತಿ ಯೋಚನೆ ಮಾಡಿ. ಚಳೀಲಿ ಸ್ಟಾರ್ಟ್ ಆದ ಮೇಲೂ ಆ ಹೀಟರ್ ಬಿಟ್ಟುಬಿಟ್ಟು ಆನ್ ಆಗ್ತಿರುತ್ತೆ, ಹೆಡ್‌ಲೈಟ್ ಮಂಕಾಗಿ ವೋಲ್ಟ್ ಮುಳ್ಳು ಕೆಳಗೆ ಬಿದ್ದು ಮತ್ತೆ ಏಳುತ್ತೆ, ಹೆದರಬೇಡಿ, ಆಲ್ಟರ್ನೇಟರ್ ಹೋಗಿಲ್ಲ. ಬ್ಯಾಟರಿ ಎರಡಿವೆ, ಬದಲಾಯಿಸೋದಾದ್ರೆ ಎರಡೂ ಒಟ್ಟಿಗೆ. ಇನ್ನು ಇಂಜೆಕ್ಟರ್ ಪೈಪ್ ಲೀಕ್ ಇದ್ಯಾ ಅಂತ ಓಡೋ ಎಂಜಿನ್ ಮೇಲೆ ಕೈ ಆಡಿಸಬೇಡಿ, ರಟ್ಟು ಹಿಡಿದು ನೋಡಿ. ಆ ಪ್ರೆಶರಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣಿಸುತ್ತೆ, ಕೈಯೇ ಕಳ್ಕೊಳೋ ಅಪಾಯ ಇದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಕರಿ ಹೊಗೆ ವಿಷಯಕ್ಕೆ ಬರೋಣ. ಕರಿ ಹೊಗೆ ಅಂದ್ರೆ ಪೂರ್ತಿ ಉರೀದೇ ಹೊರಗೆ ಬಂದ ಡೀಸೆಲ್ಲು, ನೀವು ದುಡ್ಡು ಕೊಟ್ಟು ಹಾಕಿಸಿದ್ದು. ಡೀಸೆಲ್ ಜಾಸ್ತಿ ಆಗಿದೆ ಅಥವಾ ಗಾಳಿ ಕಮ್ಮಿ ಆಗಿದೆ. ನಿಮ್ಮ ಗಾಡೀಲಿ ಯಾರೂ ಪಂಪ್ ಮುಟ್ಟಿಲ್ಲ ಅಂದ್ರೆ (ಹಿಂದಿನ ಮಾಲೀಕರನ್ನ ಕೇಳಿ, ಈ ಟ್ರಕ್ಕುಗಳಲ್ಲಿ ಯಾರೂ ಮುಟ್ಟದೇ ಇರೋ ಪಂಪು ಅಪರೂಪ) ಗಾಳೀನೇ ಕಮ್ಮಿ. ಟರ್ಬೋ ಒತ್ತಿ ಕಳಿಸಿದ ಗಾಳಿ ಇಂಟರ್‌ಕೂಲರ್ (ಆ ಗಾಳೀನ ತಣ್ಣಗೆ ಮಾಡೋದು) ದಾಟಿ ಎಂಜಿನ್ ಸೇರೋಕೆ ಮುಂಚೆ ಎಲ್ಲೋ ಸೋರಿಹೋಗ್ತಿದೆ. ಇಂಟರ್‌ಕೂಲರ್ ಪೈಪಿನ ರಬ್ಬರ್ ಬೂಟುಗಳ ಕೆಳಭಾಗ ಒರೆಸಿ ನೋಡಿ, ಆಯಿಲ್ ಜೊತೆ ಧೂಳು ಕೂತು ಕರ್‍ರಗೆ ಮೆತ್ತಿಕೊಂಡಿರೋ ಜಾಗದಲ್ಲೇ ಗಾಳಿ ಸೋರೋದು. ಸರಿಯಾದ ಪರೀಕ್ಷೆ ಅಂದ್ರೆ ಟರ್ಬೋ ಬಾಯಿಗೆ ಮುಚ್ಚಳ ಹಾಕಿ ಕಂಪ್ರೆಸರಿಂದ 15 ಪಿಎಸ್‌ಐ ಅಷ್ಟು ಗಾಳಿ ಕೊಟ್ಟು ಎಲ್ಲಾ ಜಾಯಿಂಟಿಗೂ ಸೋಪ್ ನೀರು ಹೊಡೆಯೋದು, ಮುಚ್ಚಳದ ಎದುರಿಗೆ ಮಾತ್ರ ನಿಲ್ಲಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡೂ ನೋಡಿ, ಬಿಸಿ ತಣ್ಣಗೆ ಆಗಿ ಆಗಿ ಉದ್ದದಲ್ಲಿ ಕುಗ್ಗಿ, ತುದಿಯ ಬೋಲ್ಟ್ ಮುರಿದು ಬಿರುಕು ಬಿಡೋ ಚಾಳಿ ಅದಕ್ಕಿದೆ, ಅಲ್ಲಿ ಸೋರಿದ್ರೆ ಟರ್ಬೋ ತಿರುಗಿಸೋ ಗಾಳಿಯೇ ಸಿಗಲ್ಲ. ಪಂಪಿನ ಮೇಲಿರೋ ಎಎಫ್‌ಸಿಗೆ (ಟರ್ಬೋ ಗಾಳಿಯ ಒತ್ತಡ, ಅಂದ್ರೆ ಬೂಸ್ಟ್, ನೋಡ್ಕೊಂಡು ಡೀಸೆಲ್ ಬಿಡಿಸೋ ಭಾಗ) ಬರೋ ಸಣ್ಣ ಬೂಸ್ಟ್ ಟ್ಯೂಬು ಒಡೆದಿದ್ರೆ ಉಲ್ಟಾ ಆಗುತ್ತೆ, ಹೊಗೆ ಕಮ್ಮಿ, ಎಳೆತ ಇನ್ನೂ ಕಮ್ಮಿ.

ಇದೆಲ್ಲಾ ಆದ್ಮೇಲೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವುಗಳ ಸಂದು ಸರಿ ಮಾಡೋದು) ಮಾಡಿಸಿ, ಎಂಜಿನ್ ತಣ್ಣಗಿರುವಾಗ, ಇನ್‌ಟೇಕ್ 0.010 ಇಂಚು, ಎಕ್ಸಾಸ್ಟ್ 0.020 ಇಂಚು. ಅರ್ಧ ದಿನದ ಕೆಲಸ.

ನೀವು ಕೇಳದೇ ಇರೋ ಒಂದು ವಿಷಯ ಹೇಳಲೇಬೇಕು, ಯಾಕಂದ್ರೆ ಇದು ಗೊತ್ತಿಲ್ಲದೆ ಒಳ್ಳೊಳ್ಳೆ ಎಂಜಿನ್ ಹಾಳಾಗಿವೆ. ಟೈಮಿಂಗ್ ಗೇರ್ ಹೌಸಿಂಗನ್ನ (ಎಂಜಿನ್ ಮುಂದೆ ಗೇರುಗಳನ್ನ ಹೊತ್ತಿರೋ ಡಬ್ಬ) ಬ್ಲಾಕಿಗೆ ಸರಿಯಾಗಿ ಕೂರಿಸೋಕೆ ಅಂತ ಒಂದು ಸ್ಟೀಲ್ ಡವೆಲ್ ಪಿನ್ ಇದೆ, ಕಿರುಬೆರಳಿನ ತುದಿಯಷ್ಟು ದಪ್ಪ. ಅದನ್ನ ಒತ್ತಿ ಕೂರಿಸಿರ್ತಾರೆ ಅಷ್ಟೇ, ಎಂಜಿನ್ ನಡುಕಕ್ಕೆ ವರ್ಷಾನುವರ್ಷ ಸ್ವಲ್ಪಸ್ವಲ್ಪ ಹೊರಗೆ ಜರುಗ್ತಾ ಬರುತ್ತೆ. ಬಿದ್ದಾಗ ನಸೀಬು ಚೆನ್ನಾಗಿದ್ರೆ ಆಯಿಲ್ ಚೇಂಬರಿಗೆ ಹೋಗಿ ಕೂರುತ್ತೆ, ಇಲ್ಲಾಂದ್ರೆ ಗೇರುಗಳ ಮಧ್ಯೆ ಸಿಕ್ಕಿ ಹೌಸಿಂಗ್ ಸೀಳುತ್ತೆ, ಟೈಮಿಂಗ್ ತಪ್ಪುತ್ತೆ. ಈ ಎಂಜಿನ್ ಬಲ್ಲೋರು ಅದಕ್ಕೆ ಕಿಲ್ಲರ್ ಡವೆಲ್ ಪಿನ್ ಅಂತಾನೇ ಹೆಸರಿಟ್ಟಿದ್ದಾರೆ. ಮುಂದಿನ ಕವರ್ ಬಿಚ್ಚಿ, ಪಿನ್ನನ್ನ ವಾಪಸ್ ಒಳಗೆ ತಟ್ಟಿ, ಪಕ್ಕದ ಬೋಲ್ಟಿನ ಕೆಳಗೆ ಒಂದು ಸಣ್ಣ ಲೋಹದ ಪಟ್ಟಿ ಸಿಕ್ಕಿಸಿ ಪಿನ್ನಿನ ಬಾಯಿ ಮುಚ್ಚಿದ್ರೆ ಆಯ್ತು, ಅದು ಜನ್ಮದಲ್ಲಿ ಹೊರಗೆ ಬರಲ್ಲ. ಅದೇ ಸಮಯಕ್ಕೆ ಹೌಸಿಂಗ್ ಬೋಲ್ಟುಗಳನ್ನೂ ಒಂದೊಂದಾಗಿ ಬಿಚ್ಚಿ ಲಾಕ್‌ಟೈಟ್ (ಬೋಲ್ಟ್ ಸಡಿಲ ಆಗದಂಗೆ ಹಿಡಿಯೋ ಅಂಟು) ಹಾಕಿ ಟೈಟ್ ಮಾಡಿಸಿ. ಹಿಂದಿನವರು ಮಾಡಿಸಿದ್ದಾರೆ ಅನ್ನೋದಕ್ಕೆ ಬಿಲ್ ಇಲ್ಲದಿದ್ರೆ ಮಾಡಿಸಿಲ್ಲ ಅಂತ್ಲೇ ತಿಳ್ಕೊಳಿ.

ಈಗ ನಿಮ್ಮ ಫ್ರೆಂಡಿನ 400 ಹಾರ್ಸ್ ಪವರ್. ಸುಳ್ಳೇನಲ್ಲ, ಆಗುತ್ತೆ. ನಿಮ್ಮ ಮಾಡೆಲ್ಲಿನ ಮ್ಯಾನ್ಯುಯಲ್ ಗಾಡಿ ಕಂಪನಿಯಿಂದ ಬಂದಾಗ 215 ಹಾರ್ಸ್ ಪವರ್, 440 ಪೌಂಡ್-ಅಡಿ ಟಾರ್ಕು. ಪ್ಲೇಟ್ ಜರುಗಿಸಿ ಅಥವಾ ಬದಲಾಯಿಸಿ, ಗವರ್ನರ್ (ಆರ್‌ಪಿಎಂ ಮಿತಿ ಕಾಯೋ ಭಾಗ) ಸ್ಪ್ರಿಂಗ್ ಗಟ್ಟಿದು ಹಾಕಿದ್ರೆ ಪಂಪ್ ಸುರಿಯೋ ಡೀಸೆಲ್ ಯದ್ವಾತದ್ವಾ ಏರುತ್ತೆ, ಈ ಪಂಪಿಗೆ ಅಷ್ಟು ಹೆಸರು ಬಂದಿದ್ದೇ ಅದಕ್ಕೆ. ಆದ್ರೆ ಡೀಸೆಲ್ ಮಾತ್ರ ಏರಿಸಿ ಗಾಳಿ ಅಷ್ಟೇ ಬಿಟ್ರೆ ಏರೋದು ಶಾಖ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿ ಸೆಲ್ಸಿಯಸ್ಸಿಗೆ, ನಿಮ್ಮ ಪಿಸ್ಟನ್ ಅಲ್ಯೂಮಿನಿಯಂದೇ. ಕೆಳಗಿಂದ ಆಯಿಲ್ ಚಿಮ್ಮಿ ಅದನ್ನ ತಣ್ಣಗಿಡುತ್ತೆ ನಿಜ, ಆದ್ರೆ ಟ್ರೈಲರ್ ಕಟ್ಕೊಂಡು ಹತ್ತು ನಿಮಿಷ ಘಾಟಿ ಹತ್ತುವಾಗ ಅದಕ್ಕೂ ಒಂದು ಮಿತಿ ಇದೆ. ಅದಕ್ಕೆ ಪ್ಲೇಟಿಗೆ ಮುಂಚೆ ಪೈರೋಮೀಟರ್ (ಎಕ್ಸಾಸ್ಟ್ ಹೊಗೆಯ ಶಾಖ ತೋರಿಸೋ ಗೇಜ್) ಹಾಕಿಸಿ, ಪ್ರೋಬ್ ಟರ್ಬೋಗಿಂತ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಲ್ಲೇ ಇರಲಿ, ಟರ್ಬೋ ಆದ್ಮೇಲೆ ಹಾಕಿದ್ರೆ ನೂರಾರು ಡಿಗ್ರಿ ಕಮ್ಮಿ ತೋರಿಸಿ ನಿಮ್ಮನ್ನ ನಂಬಿಸಿ ಕೆಡಿಸುತ್ತೆ. 1250 ಫ್ಯಾರನ್‌ಹೀಟ್ ಮುಟ್ಟಿದ್ರೆ ಕಾಲು ತೆಗೀರಿ. ಜೊತೆಗೊಂದು ಬೂಸ್ಟ್ ಗೇಜ್. ಈ ಎರಡು ಗೇಜ್ ಇಲ್ಲದೆ ಪವರ್ ಏರಿಸೋರನ್ನ ನಾನು ವಾಪಸ್ ಕಳಿಸ್ತೀನಿ.

ಎರಡನೇದು ಕ್ಲಚ್ಚು. ಟಾರ್ಕ್ ಏರಿದ ವಾರಕ್ಕೇ ನಾಲ್ಕನೇ ಐದನೇ ಗೇರಲ್ಲಿ ಜಾರೋಕೆ ಶುರು ಆಗುತ್ತೆ. ಮೂರನೇದು ಎನ್‌ವಿ4500 ಗೇರ್ ಬಾಕ್ಸ್, ಅದು ತಡ್ಕೊಳೋದು 460 ಪೌಂಡ್-ಅಡಿ ಲೆಕ್ಕದಲ್ಲಿ, ಅಂದ್ರೆ ಕಂಪನಿ ಟಾರ್ಕಿಗೇ ಹತ್ತಿರ ಹತ್ತಿರ ಬಂದಿದೀರ ಆಗ್ಲೇ. ಅದರಲ್ಲಿ ಐದನೇ ಗೇರನ್ನ ಶಾಫ್ಟಿಗೆ ಹಿಡಿದಿಡೋ ನಟ್ ಸಡಿಲ ಆಗಿ ಗೇರ್ ಹಿಂದಕ್ಕೆ ಜರುಗುತ್ತೆ, ಒಂದಿನ ಇದ್ದಕ್ಕಿದ್ದಂಗೆ ಐದನೇ ಗೇರೇ ಇರಲ್ಲ. ಕಮ್ಮಿ ಆರ್‌ಪಿಎಂನಲ್ಲಿ ಐದನೇ ಗೇರ್ ಹಾಕಿ ಪೂರ್ತಿ ಕಾಲು ಒತ್ತಿ ಎಳೆಸೋರಿಗೆ ಇದು ಬೇಗ ಆಗುತ್ತೆ. ಆ ಬಾಕ್ಸಿಗೆ 75ಡಬ್ಲ್ಯೂ-85 ಜಿಎಲ್-4 ಸಿಂಥೆಟಿಕ್ ಆಯಿಲ್ಲೇ ಬೇಕು, ಅಂಗಡೀಲಿ ಸಿಕ್ತು ಅಂತ ಜಿಎಲ್-5 ಹಾಕಿದ್ರೆ ಸಿಂಕ್ರೋ ರಿಂಗುಗಳಿಗೆ (ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಉಂಗುರ) ಒಳ್ಳೇದಲ್ಲ. ಕಾನೂನಿನ ಮಾತು ಒಂದು ಸಾಲಲ್ಲಿ: ಕ್ಯಾಲಿಫೋರ್ನಿಯಾದಲ್ಲಿ ಡೀಸೆಲ್ ಗಾಡಿಗಳ ಸ್ಮಾಗ್ ಚೆಕ್ (ಹೊಗೆ ತಪಾಸಣೆ) 1998ರ ಮಾಡೆಲ್ಲಿಂದ ಶುರು, ನಿಮ್ಮದು ಬರಲ್ಲ, ಆದ್ರೆ ಗಾಡಿ ಜೊತೆ ಬಂದ ಎಮಿಷನ್ ಸಾಮಾನು ಬಿಚ್ಚೋದು ಫೆಡರಲ್ ಕಾನೂನಲ್ಲಿ ಎಲ್ಲಾ ವರ್ಷದ ಗಾಡಿಗೂ ತಪ್ಪೇ.

ಓಡಿಸೋದು ಹೆಂಗೆ ಅಂದ್ರಲ್ಲ. ಬೆಳಗ್ಗೆ ಅರ್ಧ ಗಂಟೆ ಐಡ್ಲಿಂಗಲ್ಲಿ ಬಿಡಬೇಡಿ, ಡೀಸೆಲ್ ಎಂಜಿನ್ ಐಡ್ಲಿಂಗಲ್ಲಿ ಬಿಸಿ ಆಗೋದೇ ಇಲ್ಲ, ಅರೆಬರೆ ಉರಿದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತೆ. ಆಯಿಲ್ ಪ್ರೆಶರ್ ಬಂದು ಒಂದೆರಡು ನಿಮಿಷ ಆಗ್ಲಿ, ಹೊರಡಿ, ನೀರಿನ ಮುಳ್ಳು ಏಳೋವರೆಗೂ ಮೆತ್ತಗೆ ಓಡಿಸಿ. ಖಾಲಿ ಗಾಡೀಲಿ 1600 ಆರ್‌ಪಿಎಂಗೇ ಟಾರ್ಕ್ ಪೂರ್ತಿ ಇರೋದ್ರಿಂದ ರೇಸ್ ಕೊಟ್ಟು ಗೇರ್ ಹಾಕೋ ಅಗತ್ಯಾನೇ ಇಲ್ಲ, ಆದ್ರೆ ಲೋಡ್ ಇದ್ದಾಗ ಅದೇ ಅಭ್ಯಾಸ ಕೆಲಸಕ್ಕೆ ಬರಲ್ಲ. ಘಾಟಿ ಹತ್ತುವಾಗ ಪೈರೋಮೀಟರ್ ಏರ್ತಿದ್ರೆ ಕಾಲು ಒತ್ತಬೇಡಿ, ಒಂದು ಗೇರ್ ಇಳಿಸಿ 2000ದಿಂದ 2300ರ ಒಳಗೆ ತನ್ನಿ, ಟರ್ಬೋ ಜಾಸ್ತಿ ಗಾಳಿ ಕೊಡುತ್ತೆ, ಅದೇ ಸ್ಪೀಡಲ್ಲಿ ಮುಳ್ಳು ನೂರು ಡಿಗ್ರಿ ಕೆಳಗೆ ಇಳಿಯೋದು ಕಣ್ಣಾರೆ ಕಾಣುತ್ತೆ. ಎತ್ತರಕ್ಕೆ ಹೋದಂಗೆ ಗಾಳಿ ತೆಳು ಆಗುತ್ತೆ, ಕೊಲರಾಡೋದ ಐ-70ರಲ್ಲಿ ಐಸೆನ್‌ಹೋವರ್ ಟನಲ್ ಸುಮಾರು 11,000 ಅಡಿ ಮೇಲಿದೆ, ಅಂಥ ಕಡೆ ಸಮುದ್ರಮಟ್ಟದಲ್ಲಿ ಹೊಗೆ ಬಿಡದ ಗಾಡೀನೂ ಹೊಗೆ ಬಿಡುತ್ತೆ, ಅಲ್ಲಿ ಆತುರ ಬೇಡ.

ಇಳಿಯೋದರಲ್ಲಿ ಇನ್ನೂ ಹುಷಾರು ಬೇಕು. ಪೆಟ್ರೋಲ್ ಗಾಡಿ ಓಡಿಸಿ ಬಂದೋರು ಕಾಲು ತೆಗೆದ್ರೆ ಎಂಜಿನ್ ಹಿಡಿಯುತ್ತೆ ಅಂದ್ಕೊಂಡಿರ್ತಾರೆ, ಇದರಲ್ಲಿ ಗಾಳಿ ತಡೆಯೋ ಥ್ರಾಟಲ್ಲೇ ಇಲ್ಲ, ಹಂಗಾಗಿ ಎಂಜಿನ್ ಬ್ರೇಕು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಹತ್ತಿದ ಗೇರಲ್ಲೇ ಇಳೀರಿ, ಟ್ರೈಲರ್ ಬ್ರೇಕ್ ಕಂಟ್ರೋಲರ್ ಸರಿಯಾಗಿ ಸೆಟ್ ಮಾಡಿಸಿ, ಮೇಲಿಂದ ಮೇಲೆ ಟ್ರೈಲರ್ ಎಳೆಯೋರಾದ್ರೆ ಪವರಿಗೆ ಇಟ್ಟಿರೋ ದುಡ್ಡಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗೋ ದಾರಿ ತಡೆದು ಎಂಜಿನ್ನಿಂದಲೇ ಗಾಡಿ ಹಿಡಿಯೋದು) ಹಾಕಿಸಿ, ಜೊತೆಗೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸ್ಪ್ರಿಂಗೂ ಬೇಕಾಗುತ್ತೆ. ಇಳಿಜಾರಲ್ಲಿ ಎಂಜಿನ್ ಆಫ್ ಮಾಡೋ ಯೋಚನೆ ಕೂಡ ಬೇಡ, ಬ್ರೇಕಿನ ಬೂಸ್ಟರಿಗೆ ವ್ಯಾಕ್ಯೂಮ್ ಕೊಡೋದು ಎಂಜಿನ್ ತಿರುಗಿಸೋ ಪಂಪು, ಅದು ನಿಂತ್ರೆ ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗೂ ಭಾರ ಆಗುತ್ತೆ. ಮನೆ ಮುಟ್ಟಿದ ಮೇಲೆ ಪೈರೋಮೀಟರ್ 350 ಫ್ಯಾರನ್‌ಹೀಟಿಗಿಂತ ಕೆಳಗೆ ಬಂದ್ಮೇಲೆ ಕೀ ತಿರುಗಿಸಿ, ಇಲ್ಲಾಂದ್ರೆ ಟರ್ಬೋ ಬೇರಿಂಗಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗುತ್ತೆ.

ಕೊನೇದು, 50 ಮೈಲಿ ಸ್ಪೀಡಲ್ಲಿ ಒಂದು ಗುಂಡಿ ಮೇಲೆ ಹೋದಾಗ ಸ್ಟೀರಿಂಗ್ ಕೈ ಕಿತ್ತುಕೊಳ್ಳೋ ಥರ ಅಲ್ಲಾಡೋಕೆ ಶುರು ಆದ್ರೆ ಬ್ರೇಕ್ ಗಟ್ಟಿಯಾಗಿ ಒತ್ತಬೇಡಿ, ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕಾಲು ತೆಗೆದು ನಿಧಾನಕ್ಕೆ ಪಕ್ಕಕ್ಕೆ ತನ್ನಿ. ನಿಮ್ಮದು ಫೋರ್ ವೀಲ್ ಡ್ರೈವ್ ಆದ್ರೆ, ಭಾರದ ಎಂಜಿನ್ ಮುಂದೆ ಕೂತಿರೋದ್ರಿಂದ ಮುಂದಿನ ಟ್ರ್ಯಾಕ್ ಬಾರ್ (ಮುಂದಿನ ಆಕ್ಸಲ್ ಅಕ್ಕಪಕ್ಕ ಜರುಗದಂಗೆ ಚಾಸಿಸ್ಸಿಗೆ ಹಿಡಿದಿಡೋ ಸರಳು) ಬೇಗ ಸವೆಯುತ್ತೆ, ಚಾಸಿಸ್ ಕಡೆ ಇರೋ ಬಾಲ್ ಜಾಯಿಂಟು ಮೊದ್ಲು ಹೋಗೋದು. ಎಂಜಿನ್ ಆನ್ ಇಟ್ಟು ಒಬ್ರು ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಸ್ವಲ್ಪಸ್ವಲ್ಪ ಆಡಿಸಲಿ, ನೀವು ಪಕ್ಕದಿಂದ ಬಗ್ಗಿ ಆ ಜಾಯಿಂಟ್ ನೋಡಿ, ಬಾರ್ ಚಲಿಸೋಕೆ ಮುಂಚೆ ಬಾಲ್ ಒಳಗೇ ಕಡಲೆ ಕಾಳಷ್ಟು ಆಡಿದ್ರೂ ಟ್ರೈಲರ್ ಕಟ್ಟೋಕೆ ಮುಂಚೆ ಬದಲಾಯಿಸಿ.